ಹೋಳಿಗೆಯಿಲ್ಲದ ದಿನದ ಕಟ್ಟಿನ ಸಾರು

ಅನ್ನವನ್ನು ಪ್ರಸಾದವೆಂದು ಕಾಣುವ ಕಣ್ಣು ಕೊಟ್ಟ ಗುರುವಿಗೆ ಮೊದಲು ಶರಣೆಂದು, ಬಳಿಕ ನನ್ನನ್ನು ಇಷ್ಟು ಕಾಲ ಸಹಿಸಿಕೊಂಡ ಒಲೆಗಳಿಗೂ ಶರಣೆಂದು ಈ ಬರಹಕ್ಕೆ ತೊಡಗುತ್ತೇನೆ. ಕೈ ನಡುಗಲು ಆರಂಭಿಸಿದ ದಿನವೇ ಸೌಟನ್ನು ಕೆಳಗಿಟ್ಟೆ. ಈಗ ಖಾನಾವಳಿಗಳಿಗೂ ಸಾಹುಕಾರರ ಮನೆಗಳಿಗೂ ಅಡುಗೆಗೆ ಸೇರುವ ತರುಣರು ಆಗಾಗ ಬಂದು ನನ್ನೆದುರು ಕೂಡುತ್ತಾರೆ. ಅವರು ಕೇಳುವುದು ಮದುವೆಯ ಅಡುಗೆಯನ್ನು, ಬುಂದಿಯ ಪಾಕವನ್ನು. ತುಪ್ಪದ ಕೊಡ ಪಕ್ಕದಲ್ಲಿದ್ದಾಗ ಯಾವ ಅಡುಗೆಯವನೂ ಸೋಲುವುದಿಲ್ಲ, ಅದನ್ನು ಕಲಿಸಲು ನಾನು ಬೇಕಿಲ್ಲ. ಕಣಜದ ತಳ ಕಾಣುತ್ತಿರುವಾಗ, ಹಸಿದವರು ಸಾಲಾಗಿ ಬಂದು ಕುಳಿತಿರುವಾಗ, ಅವರ ಹೊಟ್ಟೆಯೂ ತುಂಬಬೇಕು, ಮಾನವೂ ಉಳಿಯಬೇಕು ಎಂಬ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನಷ್ಟೇ ನಾನು ಹೇಳಬಲ್ಲೆ.

ಅಕ್ಕಲಕೋಟೆಯ ಸೀಮೆಯ ಒಂದು ಮಠದ ಪಾಠಶಾಲೆಯಲ್ಲಿ ಕೋಶ, ಕಾವ್ಯ, ವ್ಯಾಕರಣಗಳನ್ನು ಓದುತ್ತಿದ್ದ ಜಂಗಮರ ಹುಡುಗ ನಾನು. ತಂದೆಯವರು ಲಿಂಗೈಕ್ಯರಾದ ಮೇಲೆ ಓದು ನಿಂತಿತು. ಅದೇ ಮಠದ ದಾಸೋಹದ ಅಡುಗೆಮನೆ ನನ್ನನ್ನು ಕರೆದುಕೊಂಡಿತು. ಅಲ್ಲಿಯ ಹಿರಿಯ ಅಡುಗೆಯವರು ಬಸಯ್ಯನವರು. ಕಪ್ಪು ಮೈ, ಹಣೆಯ ತುಂಬ ವಿಭೂತಿ, ಬಾಯಿ ಬಹಳ ಹರಿತ. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಶ್ಲೋಕ ಬರ್ತಾವೇನಪ ನಿನಗ?"

"ಬರ್ತಾವ್ರಿ."

"ಛಲೋ ಆತು. ಆದ್ರ ಒಂದ ಶ್ಲೋಕ ಮುಗಿಯೂದ್ರಾಗ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತತದ. ಮನಸಿನ್ಯಾಗ ಅನ್ನು. ಕಣ್ಣ ಹಂಚಿನ ಮ್ಯಾಲ ಇಡು."

ಮಠದಲ್ಲಿ ನೈವೇದ್ಯವಾಗುವವರೆಗೆ ಅಡುಗೆಯ ರುಚಿ ನೋಡುವಂತಿರಲಿಲ್ಲ. ಉಪ್ಪು ಬಿದ್ದಿದೆಯೋ, ಬೇಳೆ ಬೆಂದಿದೆಯೋ, ಒಗ್ಗರಣೆ ಕೂಡಿದೆಯೋ ಎಲ್ಲವನ್ನೂ ಮೂಗಿನಿಂದಲೇ ತಿಳಿಯಬೇಕು. ಬಸಯ್ಯನವರು ನನ್ನ ಕಣ್ಣು ಮುಚ್ಚಿಸಿ ಭರಣಿಗಳ ಮುಚ್ಚಳ ತೆಗೆದು ಪರೀಕ್ಷೆ ಮಾಡುತ್ತಿದ್ದರು. ಹಳೆಯ ಜೋಳದ ವಾಸನೆ ಬೇರೆ, ಹೊಸ ಜೋಳದ್ದು ಬೇರೆ. ಹುಣಸೆಹಣ್ಣು ಕುದಿದು ಹಸಿತನ ಬಿಡುವ ಗಳಿಗೆಯನ್ನು ಇಂದಿಗೂ ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತೇ ಹೇಳಬಲ್ಲೆ. ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ವಾಸನೆಯೇ ಮುಂದೆ ಒಂದು ಮನೆತನವನ್ನು ಒಡೆಯುವ ಅಂಚಿಗೆ ತಂದು ನಿಲ್ಲಿಸಿತು.

ಅಲ್ಲಿ ಕಲಿತ ಇನ್ನೊಂದು ಪಾಠ ನೀರಿನದು. ಒಮ್ಮೆ ಹೇಳದೆ ಕೇಳದೆ ಪಾದಯಾತ್ರೆಯವರ ದೊಡ್ಡ ಗುಂಪು ಮಠಕ್ಕೆ ಬಂದುಬಿಟ್ಟಿತು. ನನ್ನ ಜೊತೆಯವನೊಬ್ಬ ಗಾಬರಿಯಲ್ಲಿ ಬೇಳೆಯ ಕೊಪ್ಪರಿಗೆಗೆ ಕೊಡದ ನೀರನ್ನು ಸುರಿದ. ಬಸಯ್ಯನವರು ಬಗ್ಗಿ ನೋಡಿದರು.

"ಇದ ಬ್ಯಾಳಿ ಅಲ್ಲೋ ಮಗನ, ಕೆರಿ. ಎಮ್ಮಿ ಹೊಡಕೊಂಡ ಬರ್ಲೇನ, ಈಜಾಡಾಕ?"

ಬೈಯುತ್ತಲೇ ಅವರು ಜೋಳದ ಹಿಟ್ಟನ್ನು ಕೆಂಪಗೆ ಹುರಿದು, ನೀರಿನಲ್ಲಿ ಕದಡಿ, ಜೀರಿಗೆ ಖಾರ ಬೆರೆಸಿ ಕೊಪ್ಪರಿಗೆಗೆ ಇಳಿಸಿದರು. ಬೇಳೆ ಗಟ್ಟಿಯಾಯಿತು, ಸಾಲು ತುಂಬಿತು. "ಬಡತನ ನೀರಾಗಿ ಕಾಣಬಾರ್ದಪ. ಕಂಡ್ರ ಉಣ್ಣಾಂವಗ ಅರ್ಧಾ ಹಸಿವಿ ಉಳೀತದ," ಎಂದರು. ಪಾತ್ರೆಗೆ ನೀರು ಹಾಕುವ ಮುನ್ನ ನನ್ನ ಕೈ ಇಂದಿಗೂ ಒಂದು ಕ್ಷಣ ತಡೆಯುತ್ತದೆ.

ಮುಂದೆ ಮಠದ ಹಿರಿಯರೇ ನನ್ನನ್ನು ಸೊಲ್ಲಾಪುರದ ಅರಿವೆಯ ವ್ಯಾಪಾರಿಗಳ ಮನೆಗೆ ಕಳುಹಿಸಿದರು. ಮನೆಯ ಯಜಮಾನಿ ನೀಲವ್ವನವರು, ಪತಿಯನ್ನು ಕಳೆದುಕೊಂಡವರು, ಮಾತು ಕಡಿಮೆ. ಇಬ್ಬರು ಗಂಡುಮಕ್ಕಳು. ಹಿರಿಯ ಈರಪ್ಪನವರು ಹೆಂಡತಿ ಮಕ್ಕಳೊಂದಿಗೆ ಸ್ವಂತ ಹಳ್ಳಿಯಾದ ಹನ್ನೂರಿನಲ್ಲಿದ್ದು ಹೊಲ ನೋಡಿಕೊಳ್ಳುತ್ತಿದ್ದರು. ಕಿರಿಯ ಮಲ್ಲೇಶಪ್ಪನವರು ಸೊಲ್ಲಾಪುರದ ಪೇಟೆಯಲ್ಲಿ ಅಂಗಡಿ ನಡೆಸುತ್ತಿದ್ದರು. ಹನ್ನೂರಿನ ಜೋಳ, ಕಡಲೆ, ಬೆಲ್ಲ ಬಂಡಿಯಲ್ಲಿ ಇಲ್ಲಿಗೆ ಬರುವುದು, ಇಲ್ಲಿಯ ಅರಿವೆ, ಎಣ್ಣೆ, ಔಷಧಿ ಅಲ್ಲಿಗೆ ಹೋಗುವುದು. ಎರಡು ಊರು, ಎರಡು ಅಡುಗೆಮನೆ ಇದ್ದರೂ ನೀಲವ್ವನವರ ಬಾಯಲ್ಲಿ ಅದು ಒಂದೇ ಒಲೆ. ಸೊಲ್ಲಾಪುರದ ಮನೆಯಲ್ಲಿ ಮಲ್ಲೇಶಪ್ಪನವರ ಸಂಸಾರದ ಜೊತೆಗೆ ಅತ್ತೆಯರು, ಸೋದರಮಾವಂದಿರು, ಅಂಗಡಿಯ ಆಳುಗಳು ಎಲ್ಲರೂ ಸೇರಿ ಪಡಸಾಲೆಯ ಎರಡೂ ಬದಿ ತುಂಬುತ್ತಿತ್ತು.

ಪದ್ಧತಿಗಳು ಬದಲಾಗುತ್ತಿದ್ದ ಕಾಲವದು. ಬೀಸುವ ಕಲ್ಲು ಮೂಲೆ ಸೇರಿ, ಹಿಟ್ಟು ಯಂತ್ರದ ಗಿರಣಿಯಿಂದ ಬರತೊಡಗಿತು. ಗಿರಣಿಯ ಹಿಟ್ಟು ಕಾದು ಬರುವುದರಿಂದ ಜಿಗುಟು ಸತ್ತಿರುತ್ತದೆ. ತಟ್ಟಿದ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ಕುದಿಯುವ ನೀರಿನಲ್ಲಿ ಒಂದು ಹಿಡಿ ಹಿಟ್ಟನ್ನು ಗಂಜಿ ಮಾಡಿಕೊಂಡು ಅದರಲ್ಲಿ ಉಳಿದ ಹಿಟ್ಟನ್ನು ನಾದಬೇಕೆಂದು ನಾನು ಕಂಡುಕೊಳ್ಳುವಷ್ಟರಲ್ಲಿ ಮನೆಯವರೆಲ್ಲ ಹಲವು ದಿನ ಒಡೆದ ರೊಟ್ಟಿ ತಿಂದರು. "ಅಯ್ಯನವರ, ಇದು ರೊಟ್ಟಿಯೋ ಮಹಾರಾಷ್ಟ್ರದ ನಕಾಶೆಯೋ?" ಎಂದು ಮಲ್ಲೇಶಪ್ಪನವರು ನಕ್ಕಿದ್ದರು. ಆಗ ಅವರಿಗೆ ನಗು ಬರುತ್ತಿತ್ತು.

ಊರಿಗೆ ಗಡಿಯಾರವೆಂದರೆ ನೂಲಿನ ಗಿರಣಿಗಳ ಭೋಂಗಾ, ಪಾಳಿ ಬದಲಾಗುವಾಗ ಕೂಗುವ ಸೈರನ್ನು. ಅದು ಕೂಗಿದಾಗ ಬೇಳೆ ಇಡುವುದು, ಮತ್ತೆ ಕೂಗಿದಾಗ ಇಳಿಸುವುದು ನನ್ನ ಕ್ರಮ. ಒಂದು ವರ್ಷ ಆ ಕೂಗು ನಿಂತಿತು. ಗಿರಣಿಗಳು ಬಾಗಿಲು ಹಾಕಿದವು, ತೆರೆದವು, ಮತ್ತೆ ಹಾಕಿದವು. ಕೂಲಿ ಇಲ್ಲದವರು ಸೀರೆ ಕೊಳ್ಳುವುದೆಲ್ಲಿಂದ? ಅಂಗಡಿಯ ಆಳುಗಳು ಒಬ್ಬೊಬ್ಬರಾಗಿ ತಮ್ಮ ಹಳ್ಳಿಗಳಿಗೆ ಹೊರಟರು. ಮಲ್ಲೇಶಪ್ಪನವರು ಊಟಕ್ಕೆ ಕುಳಿತಾಗ ತಲೆ ಎತ್ತುವುದನ್ನೇ ಬಿಟ್ಟರು.

ಒಂದು ಮಧ್ಯಾಹ್ನ ನೀಲವ್ವನವರು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕುಳಿತರು.

"ಅಯ್ಯನವರ, ದುಕಾನ ಬರೋಬ್ಬರಿ ನಡದಿಲ್ಲ."

"ತಿಳದದ್ರಿ ಅವ್ವಾರ."

"ಈರಪ್ಪಗ ತಿಳಿಬಾರ್ದು. ತಿಳೀತಂದ್ರ ಅಂವಾ ಹೊಲಾ ಮಾರಿ ತಮ್ಮನ ದುಕಾನಿಗಿ ಸುರೀತಾನ. ಸಿಟ್ಟಿನ ಮನಶ್ಯಾ ಖರೆ, ಆದ್ರ ತಮ್ಮ ಅಂದ್ರ ಜೀವಾ ಬಿಡ್ತಾನ. ದುಕಾನೂ ಉಳಿಯೂದಿಲ್ಲ, ಹೊಲಾನೂ ಉಳಿಯೂದಿಲ್ಲ. ಇನ್ನ ಪ್ಯಾಟ್ಯಾಗಿಂದು ಏನೂ ತರಾಕಾಗೂದಿಲ್ಲ. ಇದ್ದದ್ದ್ರಾಗ ಮಾಡ್ರಿ. ಯಾರಿಗೂ ಕಡಿಮಿ ಅನ್ನಿಸಬಾರ್ದು, ನಿಮ್ಮ ಬಾಯಿಂದ ಒಂದ ಮಾತ ಹೊರಗ ಹೋಗಬಾರ್ದು."

ನಾನು ಎದೆಯ ಮೇಲಿನ ಲಿಂಗವನ್ನು ಮುಟ್ಟಿ ಮಾತು ಕೊಟ್ಟೆ.

ಅಂದಿನಿಂದ ಪ್ರತಿ ಸಂಜೆಯ ಊಟವೂ ನನಗೊಂದು ಪರೀಕ್ಷೆಯಾಯಿತು. ಪಡಸಾಲೆಯಲ್ಲಿ ಊಟದ ತಟ್ಟೆಗಳಾದ ಗಂಗಾಳಗಳನ್ನು ಹಾಕುವ ಸದ್ದು ಕೇಳಿದರೆ ಒಂದೊಂದನ್ನೂ ಎಣಿಸುತ್ತಿದ್ದೆ. ಪುಂಡಿಯ ಸೊಪ್ಪು ಹಿತ್ತಲಲ್ಲಿಯೇ ಇತ್ತು. ಅದಕ್ಕೆ ಜೋಳದ ನುಚ್ಚು ಬೆರೆಸಿ ಬೇಯಿಸಿದರೆ ಪಲ್ಯ ಹಿಗ್ಗುತ್ತದೆ, ಹುಳಿಯೂ ಹದಕ್ಕೆ ಬರುತ್ತದೆ. ಹೀರೇಕಾಯಿಯ ತಿರುಳು ಪಲ್ಯಕ್ಕೆ, ಸಿಪ್ಪೆ ಹುರಿದು ಚಟ್ನಿಗೆ. ಹುರುಳಿ ಬೇಯಿಸಿದ ನೀರನ್ನು ಎಂದೂ ಚೆಲ್ಲಲಿಲ್ಲ. ಶೇಂಗಾದ ಚಟ್ನಿಯನ್ನು ಒರಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟಿದರೆ ಬೇರೆ ಎಣ್ಣೆ ಬೇಡುವುದಿಲ್ಲ. ರೊಟ್ಟಿಯನ್ನು ಬಿಸಿಯಾಗಿ, ಒಂದೊಂದಾಗಿ, ಸ್ವಲ್ಪ ತಡಮಾಡಿ ಬಡಿಸುತ್ತಿದ್ದೆ. ಕಾದು ಉಣ್ಣುವವನು ಅಗಿದು ಉಣ್ಣುತ್ತಾನೆ, ಬೇಗ ತೃಪ್ತನಾಗುತ್ತಾನೆ. ಇದನ್ನು ಮೋಸವೆಂದು ಕರೆಯುವವರು ಕರೆಯಲಿ. ಯಾರೂ ಹಸಿದು ಏಳಲಿಲ್ಲ.

ಇವೆಲ್ಲಕ್ಕಿಂತ ನನಗೆ ಆಸರೆಯಾದದ್ದು ಕಟ್ಟಿನ ಸಾರು. ಹೋಳಿಗೆ ಮಾಡುವ ದಿನ ಕಡಲೆಬೇಳೆ ಬೇಯಿಸಿ ಬಸಿದ ನೀರು, ಅಂದರೆ ಕಟ್ಟು, ಅದಕ್ಕೆ ಒಣಕೊಬ್ಬರಿ, ಚಕ್ಕೆ, ಲವಂಗ, ಹುಣಸೆ ಕೂಡಿಸಿ ಕುದಿಸಿದ ಸಾರನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಅದು ಹಬ್ಬದ ಸಾರು. ಹೋಳಿಗೆಯಿಲ್ಲದೆ ಅದನ್ನು ಮಾಡುವ ರೂಢಿಯೇ ಇಲ್ಲ. ನಾನು ಮಾಡಿದೆ. ಹನ್ನೂರಿನಿಂದ ಬಂದ ಕಡಲೆಯನ್ನು ಒಡೆದು ಬೇಳೆ ಮಾಡಿಕೊಂಡು, ಬೇಯಿಸಿ, ಕಟ್ಟನ್ನು ಒಂದು ಹೊತ್ತಿನ ಸಾರಿಗೆ ತೆಗೆದೆ. ಬಸಿದ ಬೇಳೆಯನ್ನು ರುಬ್ಬಿ ಬೆಲ್ಲ ಹಾಕುವ ಬದಲು, ಈರುಳ್ಳಿ ಖಾರದೊಂದಿಗೆ ಹುರಿದು ಮತ್ತೊಂದು ಹೊತ್ತಿನ ಪಲ್ಯ ಮಾಡಿದೆ. ಒಂದೇ ಬೇಳೆ ಎರಡು ಹೊತ್ತನ್ನು ತೂಗಿಸಿತು. ಮಸಾಲೆ ಭರಣಿಯಲ್ಲಿ ಹಳೆಯದು ಉಳಿದಿತ್ತು, ಚಿಟಿಕೆಯೇ ಸಾಕಾಗುತ್ತಿತ್ತು.

ಆ ಘಮ ಬೀದಿಯವರೆಗೂ ಹೋಗುತ್ತಿತ್ತು. ಎದುರುಮನೆಯ ಹೆಂಗಸು ಒಂದು ದಿನ ಕಟ್ಟೆಯಿಂದಲೇ ಕೂಗಿದಳು: "ಏನ್ರೀ ನೀಲವ್ವಾರ, ಊರಿಗೆಲ್ಲಾ ಉಪಾಸ, ನಿಮ್ಮನ್ಯಾಗ ದಿನಾ ಸಣ ಏನ್ರಿ?"

ಸಣ ಎಂದರೆ ಮರಾಠಿಯಲ್ಲಿ ಹಬ್ಬ. ನೀಲವ್ವನವರು ಒಳಗೆ ಬಂದಾಗ ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗೆಯ ಗೆರೆ ಕಂಡಿತು. "ಅಯ್ಯನವರ, ವಾರದಾಗ ಎರಡ ಸಲಾ ಮಾಡ್ರಿ ಅದನ್ನ. ಮನಿ ಮರ್ಯಾದಿ ಕಾಯಾಕತ್ತದ," ಎಂದರು.

ಈರಪ್ಪನವರು ತಿಳಿಸದೆ ಬಂದದ್ದು ಅಂಥದೇ ಒಂದು ಸಂಜೆ.

ದೀಪ ಹಚ್ಚುವ ಹೊತ್ತು. ಬಾಗಿಲಲ್ಲಿ ಬಂಡಿ ನಿಂತಿತು. ಎತ್ತರದ ನಿಲುವು, ಮೈಯೆಲ್ಲ ದಾರಿಯ ಧೂಳು. ಹೊಸ್ತಿಲಲ್ಲಿಯೇ ನಿಂತು ಉಸಿರು ಎಳೆದುಕೊಂಡರು, ಮುಖ ಅರಳಿತು.

"ಯವ್ವಾ! ನಾ ಬರೂದು ಕನಸ ಬಿದ್ದಿತ್ತೇನ ನಿನಗ? ಹೋಳಿಗಿ ಮಾಡೀರಿ!"

ನೀಲವ್ವನವರು ನೀರಿನ ತಂಬಿಗೆಯನ್ನು ಮುಂದೆ ಹಿಡಿದರು. "ಕೈಕಾಲ ತೊಳ್ಕೊ, ಪೂಜಿ ಮಾಡ್ಕೊ, ಊಟಕ್ಕ ಏಳು," ಎಂದರಷ್ಟೇ. ಆ ಕ್ಷಣದಲ್ಲಿ ಏನಾಗಲಿದೆ ಎಂಬುದು ನನಗೆ ಹೊಳೆಯಿತು, ಆದರೆ ಮಾಡುವುದೇನೂ ಇರಲಿಲ್ಲ. ಬಸಿದ ಬೇಳೆ ಮಧ್ಯಾಹ್ನವೇ ಖಾರ ಕಂಡು ಪಲ್ಯವಾಗಿ ಮುಗಿದಿತ್ತು, ಹೋಳಿಗೆಗೆ ಉಳಿದಿರಲಿಲ್ಲ.

ಈರಪ್ಪನವರು ಲಿಂಗಪೂಜೆ ಮುಗಿಸಿ ತಮ್ಮನ ಪಕ್ಕದಲ್ಲಿ ಕುಳಿತರು. ರೊಟ್ಟಿ ಬಡಿಸಿದೆ, ಪುಂಡಿಯ ಪಲ್ಯ ಬಡಿಸಿದೆ, ಸಾರು ಬಡಿಸಿದೆ. ಅವರು ಒಂದು ರೊಟ್ಟಿ ತಿಂದು ಕಾದರು. ಎರಡನೆಯದು ಹಾಕಹೋದರೆ ಗಂಗಾಳದ ಮೇಲೆ ಕೈ ಅಡ್ಡ ಹಿಡಿದರು.

"ಹೊಟ್ಟಿ ರೊಟ್ಟೀಲೆ ತುಂಬಸಬ್ಯಾಡ್ರಿ ಅಯ್ಯನವರ. ಹೋಳಿಗಿ ತರ್ರಿ."

"ಹೋಳಿಗಿ ಇಲ್ರಿ."

"ಇಲ್ಲಂದ್ರ? ತೀರ್ಯಾವೇನು?"

ಮಲ್ಲೇಶಪ್ಪನವರು ಸಾವರಿಸಿಕೊಂಡು ನಗಲು ನೋಡಿದರು. "ಯಾವ ಹೋಳಿಗಿ ಅಣ್ಣಾ? ಇವತ್ತ ಮಾಡೇ ಇಲ್ಲ."

ಈರಪ್ಪನವರು ಬೆರಳಿನಿಂದ ಸಾರನ್ನು ತೋರಿಸಿದರು. "ಮತ್ತ ಇದು? ಈ ಕಟ್ಟು ಆಕಾಶದಿಂದ ಬಿತ್ತೇನು? ನಾ ಹೊಲದಾಂವ ಇರಬಹುದು, ಮೂಗ ಹೊಲದಾಗ ಬಿಟ್ಟ ಬಂದಿಲ್ಲ."

ಯಾರೂ ಮಾತನಾಡಲಿಲ್ಲ. ಮಾತನಾಡಿದ್ದರೆ ಅಂಗಡಿಯ ಮಾತು ಹೊರಬರುತ್ತಿತ್ತು. ಆ ಮೌನವನ್ನು ಅವರು ತಮ್ಮದೇ ಬಗೆಯಲ್ಲಿ ಓದಿಕೊಂಡರು. ದನಿ ತಗ್ಗಿತು, ತಗ್ಗಿದ್ದಕ್ಕೇ ಹೆಚ್ಚು ಭಯವಾಯಿತು.

"ಓಣ್ಯಾಗ ಬರೂವಾಗ ಎದುರಮನಿಯಾಕಿ ಅಂದ್ಲು, ನಿಮ್ಮನ್ಯಾಗ ದಿನಾ ಸಣ ಅಂತ. ಚ್ಯಾಷ್ಟಿ ಅಂದ್ಕೊಂಡೆ. ಅಲ್ಲಿ ನಮ್ಮ ಹುಡಗರು ಉಳ್ಳಾಗಡ್ಡಿ, ಒಣರೊಟ್ಟಿ ತಿಂತಾವ. ಯಾಕ? ಪ್ಯಾಟ್ಯಾಗಿನವರಿಗಿ ಕಡಿಮಿ ಆಗಬಾರ್ದಂತ ಛಲೋ ಕಾಳೆಲ್ಲಾ ಬಂಡಿ ತುಂಬಿ ಕಳಸ್ತೀನಿ. ನನ್ನ ಬಂಡಿ ಸಪ್ಪಳಾ ಕೇಳಿ ಹೋಳಿಗಿ ಮುಚ್ಚಿಡೂ ಕಾಲ ಬಂತಾ ಮಲ್ಲೇಶಿ?"

"ಅಣ್ಣಾ, ಶಪ್ಪತ್, ಹಂಗಲ್ಲ—"

"ಹಂಗಲ್ಲಂದ್ರ ಹೆಂಗ, ಹೇಳು."

ಮಲ್ಲೇಶಪ್ಪನವರು ತಾಯಿಯ ಕಡೆ ನೋಡಿದರು. ತಾಯಿ ನೆಲ ನೋಡಿದರು.

ಈರಪ್ಪನವರು ಎದ್ದರು. "ಮುಂಜಾನಿ ವಾಟಣಿ ಮಾತಾಡೂಣು. ಯವ್ವಾ, ನನ್ನ ಕೆಂಡಾ ನನಗ ಕೊಡು."

ಇಲ್ಲಿ ಎರಡು ಸಂಗತಿಗಳನ್ನು ಹೇಳಬೇಕು. ಆ ಮನೆಯಲ್ಲಿ ಉಂಡವರು ಗಂಗಾಳಕ್ಕೆ ನೀರು ಹಾಕಿ, ತೊಳೆದು, ಆ ನೀರನ್ನು ಕುಡಿದೇ ಏಳುವರು. ಪ್ರಸಾದದ ಒಂದು ಅಗುಳೂ ಉಳಿಯಬಾರದೆಂಬುದು ಅವರ ನೇಮ. ಅಂದು ಈರಪ್ಪನವರು ತೊಳೆಯದ ಗಂಗಾಳ ಬಿಟ್ಟು ಎದ್ದರು. ಆ ಪಡಸಾಲೆಯಲ್ಲಿ ಅಂಥದ್ದು ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಎರಡನೆಯದು, ವಾಟಣಿಯಾಗಿ, ಅಂದರೆ ಆಸ್ತಿ ಪಾಲಾಗಿ, ಬೇರೆಯಾಗುವ ಮಗನಿಗೆ ತಾಯಿ ತನ್ನ ಒಲೆಯ ಕೆಂಡವನ್ನು ಕುಡಿಕೆಯಲ್ಲಿ ಹಾಕಿ ಕೊಡಬೇಕು. ಆ ಕೆಂಡದಿಂದ ಅವನ ಒಲೆ ಹೊತ್ತಿದ ಮೇಲೆ ಮನೆತನ ಎರಡಾದಂತೆ. ಜೋಳದ ಬಂಡಿ ಮತ್ತೆ ಬರುವುದಿಲ್ಲ.

ನೀಲವ್ವನವರು ಆ ಗಂಗಾಳವನ್ನು ತೊಳೆಯಗೊಡಲಿಲ್ಲ. ಮೇಲೊಂದು ಬುಟ್ಟಿ ಮುಚ್ಚಿ ದೇವರ ಗೂಡಿನ ಕೆಳಗೆ ಇಟ್ಟರು.

ಬೆಳಗಾಗುತ್ತಲೇ ಈರಪ್ಪನವರು ಮಣ್ಣಿನ ಕುಡಿಕೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ತಾಯಿಯೂ ತಮ್ಮನೂ ಹಿಂದೆ ನಿಂತಿದ್ದರು.

"ಅಯ್ಯನವರ, ಕೆಂಡಾ ತಗೀರಿ. ಅವ್ವ ಕೊಡ್ತಾಳ."

ಒಲೆ ನನ್ನ ವಶದಲ್ಲಿತ್ತು. ನಾಲಿಗೆ ನೀಲವ್ವನವರ ವಶದಲ್ಲಿತ್ತು. ಗುರುವನ್ನು ನೆನೆದು, ಇದ್ದ ಸತ್ಯವನ್ನಷ್ಟೇ ಹೇಳಿದೆ.

"ನಿನ್ನಿದು ಬೂದಿಯಾಗ್ಯದರಿ. ಹನ್ನೂರ ಮುಟ್ಟೂ ಕೆಂಡಾ ಬೇಕಂದ್ರ ಜಾಲಿ ಕಟ್ಟಿಗಿ ಹೊಸದಾಗಿ ಉರೀಬೇಕು. ಸುಮ್ಮನ ಉರಿ ಹಾಕೂದು ಈ ಮನ್ಯಾಗ ಇಲ್ಲ. ಬ್ಯಾಳಿ ಇಡ್ತೀನಿ. ಬ್ಯಾಳಿ ಬೇಯೂತನಾ ಕುಂದರ್ರಿ."

ಜಂಗಮನ ಮಾತನ್ನು ತಳ್ಳಿಹಾಕುವ ಮನೆತನ ಅದಲ್ಲ. ಅವರು ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕುಳಿತರು. ನಾನು ಕಡಲೆಬೇಳೆ ತೊಳೆದು ಒಲೆಯ ಮೇಲಿಟ್ಟೆ. ಬೇಳೆ ಬೆಂದಿತು. ಕಟ್ಟು ಬಸಿದೆ. ಒಣಕೊಬ್ಬರಿ ಸುಟ್ಟು ಅರೆದು ಸಾರಿಗೆ ಹಾಕಿದೆ. ಅದೇ ಘಮ ಎದ್ದಿತು. ಈರಪ್ಪನವರು ಕುಡಿಕೆಯನ್ನು ಮಡಿಲಿನಿಂದ ನೆಲಕ್ಕಿಳಿಸಿದರು.

"ಕೆಂಡಾ ಒಯ್ಯೂ ದಿವಸ ಹೋಳಿಗಿ ಉಣಸಿ ಸಮಾಧಾನ ಮಾಡ್ತೀರೇನು?"

ನಾನು ಬಸಿದ ಬೇಳೆಯನ್ನು ಬೇರೆ ಪಾತ್ರೆಗೆ ತೆಗೆದೆ. ಈರುಳ್ಳಿ ಹೆಚ್ಚತೊಡಗಿದೆ.

"ಬ್ಯಾಳಿ ರುಬ್ಬೂದಿಲ್ಲೇನ್ರಿ?"

"ಇಲ್ರಿ."

"ಬೆಲ್ಲಾ?"

"ಹಾಕೂದಿಲ್ರಿ. ಇದು ಸಂಜೀ ಪಲ್ಯಾರಿ."

ಅವರು ನನ್ನ ಕೈಯನ್ನೇ ನೋಡಿದರು. ಈರುಳ್ಳಿ ಬೇಳೆಯ ಪಾತ್ರೆಗೆ ಬಿದ್ದದ್ದನ್ನು ನೋಡಿದರು. ಈರುಳ್ಳಿ ಬಿದ್ದ ಬೇಳೆ ಹೋಳಿಗೆಯಾಗುವುದಿಲ್ಲ. ಅವರ ಕಣ್ಣು ತಾನಾಗಿಯೇ ಮೇಲಕ್ಕೆ ಹೋಯಿತು. ಜಂತಿಗೆ ತೂಗುಬಿಟ್ಟ ನೆಲುವಿನಲ್ಲಿ, ಸುಗ್ಗಿಯಲ್ಲಿ ಅವರೇ ಕಳುಹಿಸಿದ ಬೆಲ್ಲದ ಪೆಂಟೆ ಗೋಣಿತಟ್ಟಿನಲ್ಲಿ ಸುತ್ತಿದ ಹಾಗೆಯೇ ಇತ್ತು. ಎದ್ದು ಕೈ ಚಾಚಿ ಹಗ್ಗವನ್ನು ಮುಟ್ಟಿದರು. ಎತ್ತಿನ ಕೊರಳಿಗೆ ಹಾಕುವಂಥ ಗಂಟು. ಅದು ಅವರದೇ ಗಂಟು, ಯಾರೂ ಬಿಚ್ಚಿರಲಿಲ್ಲ.

"ಯವ್ವಾ, ಇದನ್ನ ಒಡದೇ ಇಲ್ಲ?"

"ನೀವೆಲ್ಲಾ ಬಂದ ದಿವಸ ಒಡಿಬೇಕಂತ ಇಟ್ಟೀನಿ," ಎಂದರು ನೀಲವ್ವನವರು. ಅದಕ್ಕಿಂತ ಹೆಚ್ಚು ಹೇಳಲು ಅವರಿಂದ ಆಗಲಿಲ್ಲ.

ಈರಪ್ಪನವರು ಸಾರಿನ ಪಾತ್ರೆಯನ್ನು ನೋಡಿದರು, ಪಲ್ಯದ ಪಾತ್ರೆಯನ್ನು ನೋಡಿದರು. ಹೊಲದ ಮನುಷ್ಯ. ಮೇವು ಕಡಿಮೆಯಾದ ವರ್ಷ ಒಂದೇ ಹೊರೆಯನ್ನು ಎರಡು ಹೊತ್ತಿಗೆ ಹಂಚುವುದು ಅವರಿಗೆ ತಿಳಿಯದ್ದಲ್ಲ. ತಮ್ಮನ ಕಡೆ ತಿರುಗಿದರು.

"ಎಂದಿಂದ ಹಿಂಗ?"

ಮಲ್ಲೇಶಪ್ಪನವರು ಅಣ್ಣನ ಹತ್ತಿರ ಬಂದು ನಿಂತರು. "ದುಕಾನ ಮುಳುಗೇದ ಅಣ್ಣಾ. ಹೇಳಿದ್ರ ನೀ ಹೊಲಾ ಮಾರ್ತಿ."

"ಮಾರ್ತಿದ್ದೆ," ಎಂದರು ಈರಪ್ಪನವರು. ಬೆಲ್ಲದ ಗಂಟಿನಿಂದ ಕೈ ತೆಗೆದರು. "ಇನ್ನ ಮಾರೂದಿಲ್ಲ. ದುಕಾನಿಗಿ ಕೀಲಿ ಹಾಕು. ಹನ್ನೂರಿಗಿ ಬಾ, ಇಬ್ಬರೂ ದುಡಿಯೂಣು."

"ನನಗ ಎತ್ತಿನ ಮುಂಭಾಗ ಯಾವ್ದು, ಹಿಂಭಾಗ ಯಾವ್ದು ತಿಳಿಯೂದಿಲ್ಲಣ್ಣಾ."

"ಒಂದ ಸಲಾ ಒದಸ್ಕೊ. ತಿಳೀತದ."

ನೀಲವ್ವನವರು ಸೆರಗು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ.

ನಾನು ಕೊಟ್ಟ ಮಾತು ಮುರಿಯಲಿಲ್ಲ ಎಂದು ನನ್ನ ನಾಲಿಗೆ ಇಂದಿಗೂ ಹೇಳುತ್ತದೆ. ಕೈ ಮುರಿಯಿತೇ ಎಂದು ಪೂಜೆಗೆ ಕುಳಿತಾಗ ಕೆಲವೊಮ್ಮೆ ಕೇಳಿಕೊಳ್ಳುತ್ತೇನೆ. ನೀಲವ್ವನವರು ಬದುಕಿರುವವರೆಗೂ ನನ್ನನ್ನು ಅದನ್ನು ಕೇಳಲಿಲ್ಲ. ಆದರೆ ಅಂದಿನಿಂದ ಹಬ್ಬವಲ್ಲದ ದಿನ ಕಟ್ಟಿನ ಸಾರು ಇಟ್ಟಾಗಲೆಲ್ಲ, ಬಂದವರಿಗೆ ಬಾಗಿಲಲ್ಲಿಯೇ "ಹೋಳಿಗಿ ಇಲ್ರಿ, ಊಟಕ್ಕ ಬರ್ರಿ," ಎಂದು ಹೇಳಿಸಿ ಒಳಗೆ ಕರೆಯುತ್ತಿದ್ದರು. ಈ ವೃತ್ತಿಗೆ ಬರುವ ಮಕ್ಕಳಿಗೆ ನಾನು ಹೇಳುವುದೂ ಅಷ್ಟೇ. ಕಡಿಮೆಯಲ್ಲಿ ಅಡುಗೆ ಮಾಡಿ, ಹೊಟ್ಟೆ ತುಂಬಿಸಿ, ಆದರೆ ಉಣ್ಣುವವನಿಗೆ ಅದು ಕಡಿಮೆಯೆಂದು ಹೇಳುವ ಧೈರ್ಯ ಮನೆಯವರಿಗೆ ಬರುವಂತೆ ಮಾಡಿ. ಮುಚ್ಚಿಟ್ಟ ಬಡತನದ ವಾಸನೆ ಯಾವ ಮಸಾಲೆಗೂ ಅಡಗದು.

ಆ ಬೆಳಗಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಜಾಲಿಯ ಕಟ್ಟಿಗೆ ಅಷ್ಟರಲ್ಲಿ ಒಳ್ಳೆಯ ಕೆಂಡವಾಗಿತ್ತು. ಈರಪ್ಪನವರು ಕುಡಿಕೆಯನ್ನು ಮೂಲೆಯಲ್ಲಿ ಬೋರಲಿಟ್ಟು, "ಕೆಂಡಾ ವ್ಯರ್ಥ ಮಾಡಬ್ಯಾಡ್ರಿ ಅಯ್ಯನವರ, ಹಂಚ ಇಡ್ರಿ," ಎಂದರು. ನಾನು ಹಂಚು ಇಟ್ಟು ರೊಟ್ಟಿ ತಟ್ಟತೊಡಗಿದೆ. ಅವರು ದೇವರ ಗೂಡಿನ ಕೆಳಗೆ ಹೋಗಿ ಬುಟ್ಟಿಯನ್ನು ಎತ್ತಿದರು. ಹಿಂದಿನ ಸಂಜೆಯ ಸಾರು ಗಂಗಾಳದಲ್ಲಿ ಒಣಗಿ ಕಂದು ಬಣ್ಣದ ಗೆರೆಗಳಾಗಿ ಅಂಟಿಕೊಂಡಿತ್ತು. ತಂಬಿಗೆಯ ನೀರನ್ನು ಅದಕ್ಕೆ ಹಾಕಿ, ಕುಕ್ಕರಗಾಲಿನಲ್ಲಿ ಕುಳಿತು, ನಾಲ್ಕೂ ಬೆರಳುಗಳಿಂದ ಅಂಚಿನಿಂದ ಅಂಚಿಗೆ ನಿಧಾನವಾಗಿ ತಿಕ್ಕಿದರು. ಗೆರೆಗಳೆಲ್ಲ ಕರಗಿದ ಮೇಲೆ ಎರಡೂ ಕೈಯಲ್ಲಿ ಗಂಗಾಳವನ್ನು ಎತ್ತಿ, ಒಂದು ಹನಿಯೂ ಉಳಿಯದಂತೆ ಕುಡಿದರು.